ಪೂಜೆ ನಿಂತ ಚರ್ಚಿನಲ್ಲಿ ಮಕ್ಕಳ ಗಲಾಟೆ

ಜರ್ಮನಿಯ ಮ್ಯೂನ್‌ಸ್ಟರ್ ನಗರದ ಸೇಂಟ್ ಸೆಬಾಸ್ಟಿಯನ್ ಚರ್ಚಿನೊಳಗೆ ಈಗ ಪೂಜಾಪೀಠವೂ ಇಲ್ಲ, ಬೆಂಚುಗಳೂ ಇಲ್ಲ. ಹಸಿರು ನೆಲಹಾಸಿನ ಮೇಲೆ ಮಕ್ಕಳು ಓಡುತ್ತಾರೆ, ಉರುಳುತ್ತಾರೆ, ಕಿರುಚುತ್ತಾರೆ. 1962ರಲ್ಲಿ ಕಟ್ಟಿದ ಮೊಟ್ಟೆಯಾಕಾರದ ಈ ಇಟ್ಟಿಗೆ ಕಟ್ಟಡ 2013ರಿಂದ ಶಿಶುವಿಹಾರ.

ಎರಡನೇ ಮಹಾಯುದ್ಧದ ಬಾಂಬುಗಳಿಗೆ ಜರ್ಮನಿಯ ಊರೂರುಗಳೇ ನೆಲಸಮವಾಗಿದ್ದವು. ಮತ್ತೆ ಕಟ್ಟುವಾಗ ಹೊಸ ಬಡಾವಣೆಗಳಿಗೆಲ್ಲ ಚರ್ಚು ಬೇಕಾಯಿತು. ವಾಸ್ತುಶಿಲ್ಪಿಗಳು ಹಳೇ ಅಲಂಕಾರವನ್ನೆಲ್ಲ ಬಿಟ್ಟು ಕಾಂಕ್ರೀಟು, ಇಟ್ಟಿಗೆಗಳಲ್ಲಿ ವಿಶಾಲ ಹಜಾರಗಳನ್ನು ಎಬ್ಬಿಸಿದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅವು ಖಾಲಿ ಹೊಡೆಯತೊಡಗಿದವು. ಅಲ್ಲಿ ಚರ್ಚಿನ ಸದಸ್ಯರು ಆದಾಯ ತೆರಿಗೆಯ ಶೇ 8 ಅಥವಾ 9ರಷ್ಟನ್ನು ಚರ್ಚ್ ತೆರಿಗೆಯಾಗಿ ಕಟ್ಟಬೇಕು. ಸದಸ್ಯತ್ವ ಬಿಟ್ಟರೆ ಅದೂ ತಪ್ಪುತ್ತದೆ. 2022ರ ಹೊತ್ತಿಗೆ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎರಡೂ ದೊಡ್ಡ ಚರ್ಚುಗಳ ಸದಸ್ಯರನ್ನು ಕೂಡಿಸಿದರೂ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ.

ಖಾಲಿಯಾಯಿತೆಂದು ಹಳೇ ಗೋಥಿಕ್ ಚರ್ಚು ಕೆಡವುತ್ತೇವೆಂದರೆ ಊರೇ ಬೀದಿಗಿಳಿದೀತು. ಅರವತ್ತರ ದಶಕದ ಬೋಳು ಗೋಡೆಯ ಚರ್ಚಿಗೆ ಆ ಭಾಗ್ಯವಿಲ್ಲ.

ಸೇಂಟ್ ಸೆಬಾಸ್ಟಿಯನ್‌ನಲ್ಲಿ ಪೂಜೆ ನಿಂತದ್ದು 2008ರಲ್ಲಿ. ಅದನ್ನು ಮಾರ್ಪಡಿಸಿದವರು ಅದೇ ಊರಿನ ನಗರ ಗ್ರಂಥಾಲಯವನ್ನು ರೂಪಿಸಿದ್ದ ಬೋಲ್ಸ್+ವಿಲ್ಸನ್ ಸಂಸ್ಥೆಯವರು. ಹಜಾರಕ್ಕೆ ಅಡ್ಡಗೋಡೆ ಹಾಕಿ ತುಂಡು ಮಾಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಚರ್ಚಿನ ಹೊಟ್ಟೆಯೊಳಗೇ ಇನ್ನೊಂದು ಪುಟ್ಟ ಕಟ್ಟಡ ಕಟ್ಟಿ ಮಕ್ಕಳ ಕೋಣೆಗಳನ್ನು ಅದರಲ್ಲಿಟ್ಟರು. ಆ ಕೋಣೆಗಳ ತಾರಸಿಯೇ ಆಟದ ಬಯಲಾಯಿತು. ಗೋಡೆಯ ಮೇಲ್ಭಾಗದಲ್ಲಿ ನೂರಾರು ಚೌಕ ಕಿಟಕಿಗಳಿವೆ. ಅವುಗಳ ಗಾಜು ತೆಗೆದದ್ದೇ ಇಲ್ಲಿನ ಜಾಣತನ. ಹೊರಗಿನ ಗಾಳಿ ಸಲೀಸಾಗಿ ಆಡುತ್ತದೆ, ಅಷ್ಟು ದೊಡ್ಡ ಹಜಾರವನ್ನು ಚಳಿಗಾಲದಲ್ಲಿ ಬಿಸಿಯಾಗಿಡುವ ಖರ್ಚೂ ಇಲ್ಲ. ಮ್ಯೂನ್‌ಸ್ಟರಿನಲ್ಲಿ ಮಳೆ ಸುರಿಯುತ್ತಿರಬೇಕು, ಇಲ್ಲವೇ ಚರ್ಚಿನ ಗಂಟೆ ಹೊಡೆಯುತ್ತಿರಬೇಕು, ಎರಡೂ ಒಟ್ಟಿಗಾದರೆ ಅಂದು ಭಾನುವಾರ ಎಂಬುದು ಅಲ್ಲಿನವರ ಹಳೇ ತಮಾಷೆ. ಅಂಥ ಊರಿನಲ್ಲಿ ನೆನೆಯದೆ ಆಡಲು ಇಷ್ಟು ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ಎಲ್ಲ ಮಾರ್ಪಾಡುಗಳೂ ಇಷ್ಟು ಸರಾಗವಾಗಿ ನಡೆಯುವುದಿಲ್ಲ. ಹ್ಯಾಂಬರ್ಗಿನಲ್ಲಿ 1961ರ ಕಪರ್ನೌಮ್ ಚರ್ಚು 2002ರಲ್ಲಿ ಮುಚ್ಚಿ, ಖಾಸಗಿ ಹೂಡಿಕೆದಾರರ ಕೈಸೇರಿ ಪಾಳುಬಿದ್ದಿತ್ತು. ವರ್ಷಗಟ್ಟಲೆ ನೆಲಮಾಳಿಗೆಯ ಕಾರ್ ಗ್ಯಾರೇಜಿನಲ್ಲಿ ನಮಾಜು ಮಾಡುತ್ತಿದ್ದ ಅಲ್-ನೂರ್ ಇಸ್ಲಾಮಿಕ್ ಕೇಂದ್ರ 2012ರಲ್ಲಿ ಅದನ್ನು ಕೊಂಡಾಗ ವಾಗ್ವಾದವೇ ಎದ್ದಿತು. 2018ರಲ್ಲಿ ಮಸೀದಿಯ ಬಾಗಿಲು ತೆರೆಯಿತು. ಕಟ್ಟಡಕ್ಕೆ ಪಾರಂಪರಿಕ ರಕ್ಷಣೆಯಿರುವುದರಿಂದ ಹೊರರೂಪ ಹೆಚ್ಚುಕಡಿಮೆ ಹಾಗೇ ಇದೆ. ಗೋಪುರದ ತುದಿಯಲ್ಲಿ ಶಿಲುಬೆಯ ಬದಲು ಅರಬ್ಬಿಯಲ್ಲಿ ‘ಅಲ್ಲಾಹ್’ ಎಂದಿದೆ.