ಹಬ್ಬ ಮುಗಿದರೂ ಬಾಳುವ ಹೆಸರು

ಹೈದರಾಬಾದಿಗೆ ಬಂದ ಕನ್ನಡಿಗರಿಗೆ ಬತುಕಮ್ಮ ಹಬ್ಬದ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತೆಲುಗಿನ ‘ಬತುಕು’ ನಮ್ಮ ‘ಬದುಕು’. ಹುಟ್ಟಿದ ಮಕ್ಕಳನ್ನೆಲ್ಲ ಕಳೆದುಕೊಂಡ ತಂದೆತಾಯಿ, ಇದೊಂದಾದರೂ ಉಳಿಯಲಿ ಎಂದು ಮಗಳಿಗೆ ‘ಬದುಕಮ್ಮಾ’ ಎಂದೇ ಹೆಸರಿಟ್ಟರು ಎನ್ನುತ್ತದೆ ಜನಪದ ಕಥೆ. ನಮ್ಮೂರುಗಳ ಎಷ್ಟೋ ತಿಪ್ಪಣ್ಣ, ತಿಪ್ಪವ್ವರ ಹೆಸರಿನ ಹಿಂದೆಯೂ ಇದೇ ಆಸೆಯಿದೆ.

ಕೆರೆ ತುಂಬಿ, ಪೈರು ತೆನೆಗಟ್ಟುವ ಹೊತ್ತಿಗೆ ಬರುವ ಈ ಹಬ್ಬ ಒಂಬತ್ತು ದಿನ ನಡೆಯುತ್ತದೆ. ಹೆಂಗಸರು ತಂಗೇಡು, ಅಂದರೆ ನಮ್ಮ ತಂಗಡಿ ಹೂಗಳನ್ನು ಗೋಪುರದಂತೆ ಜೋಡಿಸಿ, ಸುತ್ತ ಹಾಡಿ ಕುಣಿಯುತ್ತಾರೆ. ಹೆಚ್ಚಿನ ದಿನಗಳ ಹೆಸರು ಬಂದಿರುವುದು ನೈವೇದ್ಯದಿಂದ: ‘ಅಟುಕುಲ’ ಎಂದರೆ ಅವಲಕ್ಕಿ, ‘ನಾನಬಿಯ್ಯಂ’ ನೆನೆಸಿದ ಅಕ್ಕಿ, ‘ಅಟ್ಲ’ ದೋಸೆ, ಕೊನೆಯ ದಿನದ ‘ಸದ್ದುಲ’ ಬುತ್ತಿ. 2014ರಲ್ಲಿ ತೆಲಂಗಾಣ ಇದನ್ನು ರಾಜ್ಯದ ಹಬ್ಬವೆಂದು ಘೋಷಿಸಿತು.

ಹಬ್ಬಕ್ಕಿಂತ ಹೆಸರಿಗೆ ಆಯುಸ್ಸು ಹೆಚ್ಚು ಎಂಬುದಕ್ಕೆ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ. ಪ್ರಾಚೀನ ರೋಮಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಧಾನ್ಯದೇವತೆ ಸೆರೆಸ್‌ಗೆ ‘ಸೆರಿಯಾಲಿಯಾ’ ಹಬ್ಬ ನಡೆಯುತ್ತಿತ್ತು. ಈಗ ಆ ಪೂಜೆಯೂ ಇಲ್ಲ, ಪೂಜಿಸುವವರೂ ಇಲ್ಲ. ಆದರೆ ಮಕ್ಕಳು ಬೆಳಿಗ್ಗೆ ಹಾಲಿಗೆ ಸುರಿದುಕೊಳ್ಳುವ ‘ಸೀರಿಯಲ್’ ಆಕೆಯದೇ ಹೆಸರು. 1801ರಲ್ಲಿ ಪಿಯಾಜಿ ಕಂಡುಹಿಡಿದ ಆಕಾಶಕಾಯಕ್ಕೂ ಸೆರೆಸ್ ಎಂದೇ ಹೆಸರಾಯಿತು. ಎರಡು ವರ್ಷದ ನಂತರ ಅದರಿಂದ ‘ಸೀರಿಯಂ’ ಲೋಹಕ್ಕೂ ಹೆಸರು ಬಂತು.

ನಮ್ಮ ಬೀದರ, ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಆಮೇಲೆ ಸಜ್ಜೆರೊಟ್ಟಿ, ಭಜ್ಜಿ, ಅಂಬಲಿಯ ಊಟ. ಹೈದರಾಬಾದಿನ ಕಚೇರಿಗಳಲ್ಲಿ ಅಂದು ರಜೆಯಿಲ್ಲ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸೀರಿಯಲ್ ಗೊತ್ತು, ಬತುಕಮ್ಮ ಗೊತ್ತು. ಚರಗ ಎಂದರೆ ಮುಖ ನೋಡುತ್ತಾರೆ. ಹಬ್ಬ ನಿಂತರೂ ರೋಮಿನವರ ಹೆಸರು ಉಳಿಯಿತು. ನಮ್ಮ ಹಬ್ಬ ಇನ್ನೂ ಜೀವಂತವಿರುವಾಗಲೇ ಅದರ ಹೆಸರು ಮನೆಯಿಂದ ಜಾರುತ್ತಿದೆ.

2019ರಲ್ಲಿ ಒಂದು ಆದೇಶದಿಂದ ‘ಹೈದರಾಬಾದ್ ಕರ್ನಾಟಕ’ ‘ಕಲ್ಯಾಣ ಕರ್ನಾಟಕ’ವಾಯಿತು. ಚರಗದಂಥ ಮಾತಿಗೆ ಆದೇಶ ನೆರವಾಗದು. ಅದನ್ನು ಮನೆಯಲ್ಲಿ ಆಡಬೇಕು. ಬೀದರ ಇಲ್ಲಿಂದ ಮೂರು ತಾಸಿನ ದಾರಿ. ಈ ಸಲ ಎಳ್ಳಮಾವಾಸ್ಯೆಗೆ ಒಂದು ದಿನ ರಜೆ ಹಾಕಿ, ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಚರಗವನ್ನು ಅವರ ಕೈಯಿಂದಲೇ ಚೆಲ್ಲಿಸಿ.