ಎಟಿಪಿ ಪಾಠ: ಬಂಧ ಒಡೆದರೆ ಶಕ್ತಿ ಬರುವುದೆಲ್ಲಿಂದ?

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ಎಟಿಪಿಗೆ ಸಿಗುವುದು ಕೆಲವೇ ಸಾಲು. ಆದರೆ ಉಸಿರಾಟದ ಪಾಠವೆಲ್ಲ ನಿಂತಿರುವುದು ಅದರ ಮೇಲೆಯೇ. ಅಭ್ಯಾಸ ಬೋಧನೆಯಲ್ಲಿ ಇದಕ್ಕಾಗಿ ನಾನು ಒಂದು ಪೂರ್ಣ ಅವಧಿ ಮೀಸಲಿಟ್ಟೆ. ಅದರ ಕ್ರಮವನ್ನೂ ಅಲ್ಲಿ ಎದ್ದ ಒಂದು ಪ್ರಶ್ನೆಯನ್ನೂ ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ಪೀಠಿಕೆ: “ಐನೂರರ ನೋಟು ಕೊಟ್ಟು ಹದಿನೈದು ರೂಪಾಯಿಯ ಟಿಕೆಟ್ ಕೇಳಿದರೆ ಕಂಡಕ್ಟರ್ ಏನನ್ನುತ್ತಾರೆ?” ಎಂದೆ. “ಚಿಲ್ಲರೆ ಕೊಡಿ ಅಂತಾರೆ ಸರ್” ಎಂದು ಎಲ್ಲರೂ ಕೂಗಿದರು. ಗ್ಲುಕೋಸ್ ಆ ದೊಡ್ಡ ನೋಟು, ಎಟಿಪಿ ಚಿಲ್ಲರೆ. ಸ್ನಾಯುವಿನ ಸಂಕೋಚನ, ಪ್ರೋಟೀನ್ ತಯಾರಿಕೆ, ನರ ಸಂದೇಶ ಇವೆಲ್ಲಕ್ಕೂ ಜೀವಕೋಶ ಚಿಲ್ಲರೆಯನ್ನೇ ಕೊಡಬೇಕು. ಒಂದು ಗ್ಲುಕೋಸ್ ಅಣು ಆಕ್ಸಿಜನ್ ಬಳಸಿ ಪೂರ್ಣ ವಿಭಜನೆಯಾದರೆ ಸುಮಾರು 30 ಎಟಿಪಿ ಸಿಗುತ್ತವೆ.

ರಚನೆ: ಅಡಿನೀನ್, ರೈಬೋಸ್ ಸಕ್ಕರೆ, ಸಾಲಾಗಿ ಮೂರು ಫಾಸ್ಫೇಟ್‌ಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. 1929ರಲ್ಲಿ ಇದನ್ನು ಜರ್ಮನಿಯಲ್ಲಿ ಕಾರ್ಲ್ ಲೋಮನ್ ಗುರುತಿಸಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ದೇಶದ ಯೆಲ್ಲಾಪ್ರಗಡ ಸುಬ್ಬರಾವ್ ಅವರೂ ಸ್ವತಂತ್ರವಾಗಿ ಕಂಡುಕೊಂಡರು.

“ನೀರಿನೊಂದಿಗೆ ವರ್ತಿಸಿ ಕೊನೆಯ ಫಾಸ್ಫೇಟ್ ಬಂಧ ಒಡೆದಾಗ ಮೋಲ್‌ಗೆ 30.5 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ” ಎಂದಾಗ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿದಳು: “ಸರ್, ರಸಾಯನಶಾಸ್ತ್ರದಲ್ಲಿ ವಿಭಜನೆಗೆ ಶಾಖವನ್ನೋ ಬೆಳಕನ್ನೋ ನಾವೇ ಕೊಡಬೇಕು ಅಂತ ಓದಿದ್ದೇವೆ. ಇಲ್ಲಿ ಒಡೆದರೆ ಶಕ್ತಿ ಬರುತ್ತದೆ. ಯಾವುದು ಸರಿ?”

ಪಾಠದ ತಿರುಳು ಇರುವುದು ಈ ಪ್ರಶ್ನೆಯಲ್ಲೇ. ಯಾವ ಬಂಧವನ್ನು ಒಡೆಯಲೂ ಶಕ್ತಿ ಬೇಕು. ಎಟಿಪಿಯೂ ಇದಕ್ಕೆ ಹೊರತಲ್ಲ. ಆದರೆ ಇಲ್ಲಿ ಕ್ರಿಯೆ ಒಡೆಯುವುದರೊಂದಿಗೆ ಮುಗಿಯುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಮೂರು ಫಾಸ್ಫೇಟ್‌ಗಳಲ್ಲೂ ಋಣಾವೇಶವಿದ್ದು, ಅವು ಪರಸ್ಪರ ವಿಕರ್ಷಿಸುತ್ತಿರುತ್ತವೆ. ಕೊನೆಯದು ಬೇರ್ಪಟ್ಟಾಗ ಆ ಒತ್ತಡ ತಗ್ಗುತ್ತದೆ. ನೀರಿನ ಅಣುವಿನ ಭಾಗಗಳೊಂದಿಗೆ ಹೊಸ ಬಂಧಗಳು ಏರ್ಪಡುತ್ತವೆ. ಹೀಗೆ ಉಂಟಾದ ಎಡಿಪಿ ಮತ್ತು ಫಾಸ್ಫೇಟ್ ಹೆಚ್ಚು ಸ್ಥಿರ. ಒಡೆಯಲು ಖರ್ಚಾದುದಕ್ಕಿಂತ ಹೊಸದಾಗಿ ಕೂಡಿದಾಗ ಬಂದದ್ದು ಹೆಚ್ಚು, 30.5 ಎಂಬುದು ಎಲ್ಲ ಕಳೆದು ಉಳಿದ ಲಾಭ. ‘ಖರ್ಚು’, ‘ವರಮಾನ’ ಎಂದು ಎರಡು ಕಲಂ ಹಾಕಿ ತೋರಿಸಿದ್ದು ಮಕ್ಕಳಿಗೆ ಬೇಗ ಹಿಡಿಸಿತು.

ಚಿಲ್ಲರೆಯ ಹೋಲಿಕೆಗೂ ಮಿತಿಯಿದೆ. ಕೊಟ್ಟ ಹಣ ಕೈಬಿಟ್ಟು ಹೋಗುತ್ತದೆ. ಎಡಿಪಿ ಕೋಶದಲ್ಲೇ ಉಳಿದು, ಮುಖ್ಯವಾಗಿ ಮೈಟೊಕಾಂಡ್ರಿಯಾದಲ್ಲಿ, ಮತ್ತೆ ಎಟಿಪಿಯಾಗುತ್ತದೆ. ಇದನ್ನು ಲೆಕ್ಕದಿಂದಲೇ ಕಾಣಿಸಿದೆ: ನಮ್ಮ ದೇಹದಲ್ಲಿ ಒಮ್ಮೆಗೆ ಇರುವ ಎಟಿಪಿ ಸುಮಾರು 100 ಗ್ರಾಂ, ವಿಶ್ರಾಂತಿಯಲ್ಲಿದ್ದರೂ ದಿನಕ್ಕೆ ಬಳಕೆಯಾಗುವುದು ಸುಮಾರು 40 ಕಿಲೋಗ್ರಾಂ. ಅಂದರೆ ಪ್ರತಿ ಅಣುವೂ ದಿನಕ್ಕೆ ಸರಾಸರಿ 400 ಸಲ ಮರುಪೂರಣಗೊಳ್ಳಬೇಕು. ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯವೇಕೆ ಎಂಬುದು ಇಲ್ಲಿ ತಾನಾಗಿ ತಿಳಿಯಿತು.

ಮೌಲ್ಯಮಾಪನ: “ಎಟಿಪಿಯನ್ನು ಶಕ್ತಿಯ ಉಗ್ರಾಣ ಎನ್ನಬಹುದೇ? ಕಾರಣ ಕೊಡಿ.” “ಉಗ್ರಾಣ ಕೊಬ್ಬು, ಎಟಿಪಿ ಸಾಗಿಸುವ ಗಾಡಿ” ಎಂದು ಒಬ್ಬ ಬರೆದಿದ್ದ.

‘ಬಂಧ ಒಡೆದಾಗ ಶಕ್ತಿ’ ಎಂಬ ಪಠ್ಯದ ಮಾತನ್ನು ನಾವು ಕೈಬಿಡಬೇಕಿಲ್ಲ. ಅದರ ಜೊತೆಗೆ ‘ಹೊಸ ಬಂಧಗಳು ಕೂಡಿದ್ದರಿಂದ’ ಎಂದು ಸೇರಿಸಿದರೆ ಸಾಕು. ಸೇರಿಸದಿದ್ದರೆ ಮುಂದೆ ಪಿಯುಸಿಯಲ್ಲಿ ಬಂಧಶಕ್ತಿಯನ್ನು ಕಲಿಯುವಾಗ ಮಗು ನಮ್ಮ ಪಾಠವನ್ನು ಮೊದಲು ಮರೆಯಬೇಕಾಗುತ್ತದೆ.