ಹಳದಿ ಹನಿ, ನೀಲಿ ಬೆಳಕು

ಆರು ತಿಂಗಳಿಗೊಮ್ಮೆ ಮಗುವಿನ ಕನ್ನಡಕದ ನಂಬರ್ ಬದಲಾಗುತ್ತಿದೆ, ಸಿಲಿಂಡರ್ ನಂಬರಂತೂ ಏರುತ್ತಲೇ ಇದೆ. ಹೊಸ ಕನ್ನಡಕ ಹಾಕಿದರೂ ಬೋರ್ಡಿನ ಅಕ್ಷರಕ್ಕೆ ನೆರಳು ಅಂಟಿಕೊಂಡಿದೆ ಎನ್ನುತ್ತದೆ. ಇಂಥಲ್ಲಿ ಕನ್ನಡಕದ ಅಂಗಡಿ ಬದಲಿಸಿ ಉಪಯೋಗವಿಲ್ಲ. ಕಾರ್ನಿಯಾದ ನಕ್ಷೆ ತೆಗೆಸಬೇಕು.

ಕಣ್ಣಿನ ಮುಂಭಾಗದ ಈ ಪಾರದರ್ಶಕ ಪದರದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಅದು ಸವೆದು ಶಂಕುವಿನಂತೆ ಉಬ್ಬುವುದೇ ಕೆರಟೋಕೋನಸ್. ದೊಡ್ಡವರಲ್ಲಿ ಇದರದು ನಡಿಗೆ, ಮಕ್ಕಳಲ್ಲಿ ಓಟ. ಅಲರ್ಜಿಯ ತುರಿಕೆಗೆ ಕೈಗೆಣ್ಣಿನಿಂದ ಕಣ್ಣುಜ್ಜುವ ಚಟ ಸೇರಿದರೆ ಕೇಳುವುದೇ ಬೇಡ.

ಹಾಗಾದರೆ ಮಗುವನ್ನು ಎಲ್ಲಿ ತೋರಿಸುವುದು? ಗೋವಾದ ವಾಸ್ಕೋ, ಝುವಾರಿನಗರದ ಕನ್ನಡ ಕುಟುಂಬಗಳಿಗೆ ದೊಡ್ಡಾಸ್ಪತ್ರೆ ಎಂದರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. ಇನ್ನೊಂದು ದಾರಿ, ವಾಸ್ಕೋದಿಂದ ಬೆಂಗಳೂರಿನ ಯಶವಂತಪುರಕ್ಕೆ ಹೊರಡುವ ರೈಲು. ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ನಾರಾಯಣ ನೇತ್ರಾಲಯ ಕೆರಟೋಕೋನಸ್ ಸಂಶೋಧನೆಗೆ ಹೆಸರಾದುದು. 2021ರಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದ್ದು ಇಲ್ಲೇ. ಕೆರಟೋಕೋನಸ್ ಕೈಮೀರಿದಾಗಲೂ ಕಸಿಯೇ ಗತಿ. ಆ ಹಂತ ಬಾರದಂತೆ ತಡೆಯುವ ಚಿಕಿತ್ಸೆ ಕ್ರಾಸ್‌ಲಿಂಕಿಂಗ್.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಿಯೋ ಸೈಲರ್ ಮತ್ತು ಸಂಗಡಿಗರು ರೂಪಿಸಿದ ವಿಧಾನವಿದು. ರೋಗಿಗಳ ಮೇಲಿನ ಮೊದಲ ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ಕಣ್ಣನ್ನು ಮರಗಟ್ಟಿಸಿ, ಮೇಲ್ಪೊರೆಯನ್ನು ಮೆಲ್ಲನೆ ಕೆರೆದು, ಅರ್ಧ ಗಂಟೆ ರೈಬೋಫ್ಲೇವಿನ್ ಹನಿ ಹಾಕುತ್ತಾರೆ. ಅದು ನಮ್ಮ ಬಿ2 ಜೀವಸತ್ವವೇ, ಅರಿಸಿನದ ಬಣ್ಣ. ಆಮೇಲೆ ಇನ್ನರ್ಧ ಗಂಟೆ ನೇರಳಾತೀತ ಕಿರಣ. ಈಗ ಹತ್ತೇ ನಿಮಿಷ ಕಿರಣ ಹಾಯಿಸುವ ವಿಧಾನವೂ ಇದೆ. ಹನಿ, ಕಿರಣ ಎರಡೂ ಕೂಡಿ ಕಾರ್ನಿಯಾದ ಕಾಲಜನ್ ಎಳೆಗಳ ನಡುವೆ ಹೊಸ ಬೆಸುಗೆ ಹಾಕುತ್ತವೆ. ಹಲ್ಲಿನ ವೈದ್ಯರು ನೀಲಿ ದೀಪ ಹಿಡಿದು ಫಿಲ್ಲಿಂಗ್ ಗಟ್ಟಿ ಮಾಡುವುದನ್ನು ನೆನೆಯಿರಿ. ಅಲುಗಾಡದೆ ಮಲಗಲಾರದ ಪುಟ್ಟ ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಚಿಕಿತ್ಸೆಯ ಬಳಿಕ ಎರಡು ಮೂರು ದಿನ ಕಣ್ಣಿನಲ್ಲಿ ಉರಿ, ನೀರು.

ಇಷ್ಟೆಲ್ಲ ಆದಮೇಲೂ ಕನ್ನಡಕ ಹೋಗುವುದಿಲ್ಲ. ಹೆತ್ತವರು ಪೆಚ್ಚಾಗುವುದು ಇಲ್ಲೇ. ಈ ಚಿಕಿತ್ಸೆ ಕಳೆದ ದೃಷ್ಟಿಯನ್ನು ತರುವುದಿಲ್ಲ, ಉಳಿದುದನ್ನು ಹಿಡಿದಿಡುತ್ತದೆ. ದೊಡ್ಡವರಲ್ಲಾದರೆ ಕೆಲವು ತಿಂಗಳು ಕಾದು, ಉಬ್ಬು ಬೆಳೆಯುತ್ತಿದೆಯೇ ನೋಡಬಹುದು. ಮಕ್ಕಳಲ್ಲಿ ಆ ಕಾಯುವಿಕೆಯೇ ದುಬಾರಿ. ರೋಗ ಖಚಿತವಾದೊಡನೆ ಚಿಕಿತ್ಸೆ ಮಾಡುವ ವೈದ್ಯರೇ ಸರಿ ಎಂದು ನನಗನಿಸುತ್ತದೆ. ಕೆಲವು ಮಕ್ಕಳಲ್ಲಿ ವರ್ಷಗಳ ಬಳಿಕ ಉಬ್ಬು ಮತ್ತೆ ಮುಂದುವರಿಯುವುದುಂಟು. ಹಾಗಾಗಿ ನಕ್ಷೆ ಮತ್ತೆ ಮತ್ತೆ ತೆಗೆಸಬೇಕು, ತುರಿಕೆಗೆ ಕೊಟ್ಟ ಹನಿಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಮಗು ಮಲಗೆದ್ದಾಗ ಗೆಣ್ಣು ಕಣ್ಣಿಗೆ ಹೋಗುತ್ತಿದೆಯೇ ನೋಡುತ್ತಿರಬೇಕು.